ಚೌಡಿಗೆ ಬಿಟ್ಟ ಹುಂಜ

"ಈ ಸಲ ನನ್ನ ಕೈಲಿ ಆಗೂದಿಲ್ಲ ಅಯ್ಯಾ," ಎಂದು ಮಾಸ್ತಪ್ಪ ಕಾಲು ಕಟ್ಟಿದ ಹುಂಜವನ್ನು ಚೌಡಿ ಕಲ್ಲಿನ ಮುಂದೆ ಇಳಿಸಿ, ಕತ್ತಿಯನ್ನು ಅದರ ಪಕ್ಕದಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಯಜ್ಞನಾರಾಯಣ ಭಟ್ಟರು ಹಣ್ಣುಕಾಯಿ ಮಾಡಿ, ಕಲ್ಲಿಗೆ ಕುಂಕುಮ ಹಚ್ಚಿ, ಎಂದಿನಂತೆ ಮನೆಯ ದಾರಿ ಹಿಡಿಯುವುದರಲ್ಲಿದ್ದರು. ಇಪ್ಪತ್ತು ವರ್ಷದಿಂದ ನಡೆದುಬಂದ ಏರ್ಪಾಡು ಅದು. ದೀಪಾವಳಿಯ ಮಾರನೆಯ ಬೆಳಿಗ್ಗೆ, ಹಾಲು ಕರೆಯುವುದಕ್ಕೆ ಮೊದಲು, ಕೊಟ್ಟಿಗೆಯ ಹಿಂದಿನ ಬನದಲ್ಲಿ ದನಕರು ಕಾಯುವ ದೇವತೆ ಚೌಡಿಗೆ ಭಟ್ಟರ ಮನೆಯಿಂದ ಒಂದು ಹುಂಜ ಸಲ್ಲಬೇಕು. ಬ್ರಾಹ್ಮಣರ ಅಂಗಳದಲ್ಲಿ ಕೋಳಿ ಸಾಕುವಂತಿಲ್ಲವಾದ್ದರಿಂದ ಅದು ಬೆಳೆಯುವುದು ಅವರ ಗದ್ದೆಯನ್ನು ಗೇಣಿಗೆ ಮಾಡುವ ಮಾಸ್ತಪ್ಪನ ಮನೆಯಲ್ಲಿ. ಕೊಯ್ಯುವುದು ಮಾಸ್ತಪ್ಪ. ಸಾರು ಮಾಡಿ ಉಣ್ಣುವುದೂ ಅವನ ಮನೆಯವರೇ. ಭಟ್ಟರದು ಹರಕೆ ಮಾತ್ರ. ಹಿಂದೊಮ್ಮೆ ತಪ್ಪಿಸಿದ ವರ್ಷ ಗಬ್ಬದ ಹಸುವನ್ನು ಹುಲಿ ಎಳೆದುಕೊಂಡು ಹೋಗಿತ್ತು. ಆಮೇಲೆ ತಪ್ಪಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ.

"ಆಗೂದಿಲ್ಲ ಅಂದ್ರೆ ಎಂತ ಮಾರಾಯಾ? ಜ್ವರವಾ?"

"ಜ್ವರ ಎಂತದೂ ಇಲ್ಲ. ಮಾಂಸ ಬಿಟ್ಟಿದೀನಲ್ಲ."

ಅದು ಭಟ್ಟರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಬೇಸಿಗೆಯಲ್ಲಿ ವರದಹಳ್ಳಿಯ ಸ್ವಾಮಿಗಳ ಆಶ್ರಮಕ್ಕೆ ಹೋಗಿ ಬಂದವನು ಮೀನು, ಕೋಳಿ ಎಲ್ಲವನ್ನೂ ನಿಲ್ಲಿಸಿದ್ದ. ಯಾಕೆಂದು ಕೇಳಿದವರಿಗೆ 'ಸಾಕು ಅನ್ನಿಸ್ತು' ಎನ್ನುತ್ತಿದ್ದ, ಅಷ್ಟೇ. ಹೆಚ್ಚು ಮಾತಾಡಿದ್ದು ಭಟ್ಟರೇ. ಹೊಸನಗರದ ಪೇಟೆಯಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ, "ನಮ್ಮ ಮಾಸ್ತಪ್ಪನ್ನ ನೋಡಿ ಕಲೀಬೇಕು" ಎಂದು ಹೊಗಳಿದ್ದರು. ತಮ್ಮ ಜಗಲಿಯಲ್ಲಿ ದಿನಾ ಸಂಜೆ ಓದುವ ಪುರಾಣ ಅವನ ಕಿವಿಗೆ ಬಿದ್ದದ್ದರ ಫಲ ಅದು ಎಂದು ಸೇರಿಸುವುದನ್ನೂ ಮರೆಯುತ್ತಿರಲಿಲ್ಲ. ಆ ಫಲ ಹೀಗೆ ಹಬ್ಬದ ಮಾರನೆಯ ದಿನ ತಮ್ಮ ಕೊಟ್ಟಿಗೆಯ ಹಿಂದೆಯೇ ಬಂದು ನಿಲ್ಲುತ್ತದೆಂದು ಎಣಿಸಿರಲಿಲ್ಲ ಪಾಪ.

"ನೀನು ಬಿಟ್ಟಿದ್ದು ತಿನ್ನೂದನ್ನ. ಈಗ ತಿನ್ನು ಅಂದವರು ಯಾರು? ಕೊಯ್ದು ಮನೆಗೆ ಕೊಡು."

"ತಿನ್ನೂವಾಗ ಹೊಟ್ಟೆಗೆ ಅಂತ ಕೊಯ್ದೆ. ತಿನ್ನದೇ ಇದ್ದೋನು ಕೊಯ್ದ್ರೆ ಅದು ಎಂತಕ್ಕೆ ಅಯ್ಯಾ?"

"ಹಂಗಾರೆ ನಿಮ್ಮನೇಲಿ ಈಗ ಕೊಯ್ಯೂದು ಯಾರು?"

"ನನ್ನ ಹೆಂಡ್ತಿನೇ ಕೊಯ್ಕೋತಾಳೆ. ತಿನ್ನಬ್ಯಾಡಿ ಅಂತ ನಾನು ಯಾರಿಗೂ ಅಂದಿಲ್ಲ. ಬೇಕಾದೋರು ಕೊಯ್ಕೋತಾರೆ."

ಅವನ ಹೆಂಡತಿ ಗುತ್ಯಮ್ಮನನ್ನೇ ಕರೆಸೋಣವೆಂದರೆ ಚೌಡಿಬನದೊಳಗೆ ಹೆಂಗಸರು ಕಾಲಿಡುವಂತಿಲ್ಲ. ಕೇರಿಯ ಗಂಡಸರೆಲ್ಲ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆ ಸೇರಿಕೊಂಡವರು, ಹಬ್ಬದೂಟ ಮುಗಿಸಿ ನಸುಕಿನಲ್ಲೇ ಕಾರ್ಗಲ್ಲಿಗೆ ಹೊರಟುಹೋಗಿದ್ದರು. ಕೊಟ್ಟಿಗೆಯಲ್ಲಿ ಕೆಚ್ಚಲು ಬಿಗಿದ ಹಸುಗಳು ಕೂಗತೊಡಗಿದ್ದವು. "ಆತಾ ಇಲ್ಯಾ?" ಎಂದು ಅಂಗಳದಿಂದ ಭಟ್ಟರ ಹೆಂಡತಿ ಭಾಗೀರಥಮ್ಮ ಎರಡನೆಯ ಸಲ ಕೇಳಿದರು. ಭಟ್ಟರಿಗೆ ಹೆದರಿಕೆಯೂ ಸಿಟ್ಟೂ ಒಟ್ಟಿಗೇ ಬಂದವು.

"ನೀನು ಮಾಡೂ ಗದ್ದೆ ಯಾರದ್ದು ಅಂತ ನೆನಪುಂಟಲ್ಲ?"

ಅಂದ ಮೇಲೆ ಅವರಿಗೇ ನಾಚಿಕೆಯಾಯಿತು. ಆದರೆ ಮಾತು ಆಡಿಯಾಗಿತ್ತು. ಮಾಸ್ತಪ್ಪನ ಮುಖ ಬಿಳಿಚಿಕೊಂಡಿತು. ಆ ಗದ್ದೆ ಹೋದರೆ ಮನೆಮಂದಿಗೆಲ್ಲ ಗಂಜಿಗೂ ತತ್ವಾರ.

"ನಿಮ್ದೇ ಗದ್ದೆ. ಬಿಡಿಸಿದ್ರೆ ಬಿಡ್ತೀನಿ," ಎಂದ. "ಇದು ಮಾತ್ರ ಆಗೂದಿಲ್ಲ. ಹರಕೆ ನಿಮ್ದು, ಕೋಳಿ ನಿಮ್ದು. ನೀವೇ ಕೊಯ್ರಿ ಅಯ್ಯಾ."

ಐವತ್ತೆರಡು ವರ್ಷ ಅನ್ನ, ತಂಬುಳಿ, ಮಜ್ಜಿಗೆಯಲ್ಲೇ ಕಳೆದವರು ಭಟ್ಟರು. ದಾರಿಯಲ್ಲಿ ಇರುವೆ ಸಾಲು ಕಂಡರೆ ದಾಟಿ ನಡೆಯುವವರು. ಆದರೆ ಗೇಣಿಯವನ ಎದುರಿಗೆ ಹಿಂದೆ ಸರಿಯುವುದು ಹೇಗೆ? "ಹೂಂ, ನೋಡು ಹಂಗಾರೆ," ಎಂದು ಪಂಚೆ ಮೇಲಕ್ಕೆ ಕಟ್ಟಿ, ಬಲಗೈಯಲ್ಲಿ ಕತ್ತಿ ಹಿಡಿದು, ಎಡಗೈಯಲ್ಲಿ ಹುಂಜವನ್ನು ಎತ್ತಿ ಎದೆಗೆ ಅವುಚಿಕೊಂಡರು.

ಕೋಳಿಯನ್ನು ಅವರು ಮುಟ್ಟಿದ್ದು ಅದೇ ಮೊದಲು. ಒದ್ದಾಡೀತು, ಕುಕ್ಕೀತು ಎಂದುಕೊಂಡಿದ್ದರು. ಅದು ಎಂತದೂ ಮಾಡಲಿಲ್ಲ. ಗುತ್ಯಮ್ಮನ ಕೈತುತ್ತು ತಿಂದು ಬೆಳೆದ ಹುಂಜ, ಮನುಷ್ಯರ ಕೈಯೆಂದರೆ ಅದಕ್ಕೆ ಅಕ್ಕಿಯ ನುಚ್ಚೇ. ಕುತ್ತಿಗೆಯನ್ನು ಅವರ ಮೊಣಕೈಯ ಮೇಲೆ ಇಟ್ಟು ಸುಮ್ಮನಾಯಿತು. ರೆಕ್ಕೆಯ ಕೆಳಗೆ ಮೈ ಬೆಚ್ಚಗಿತ್ತು, ಅವರು ಅಂದುಕೊಂಡಿದ್ದಕ್ಕಿಂತ ಬೆಚ್ಚಗೆ. ಅಂಗೈಗೆ ಅದರ ಎದೆ ಬಡಬಡ ಹೊಡೆದುಕೊಳ್ಳುವುದು ತಾಗಿತು. ಆಗಷ್ಟೇ ಹುಟ್ಟಿದ ಕರುವನ್ನು ಎತ್ತಿಕೊಂಡಾಗಲೂ ಹೀಗೆಯೇ. ಆ ಬಡಿತ ನಿಲ್ಲಲಿ, ಆಮೇಲೆ ನೋಡೋಣ ಎಂದು ಭಟ್ಟರು ಕಾದರು. ಅದು ನಿಲ್ಲಲಿಲ್ಲ.

ಅವರು ನಿಧಾನವಾಗಿ ಬಗ್ಗಿ ಕತ್ತಿಯನ್ನು ತರಗೆಲೆಯ ಮೇಲೆ ಇಟ್ಟರು. ಎರಡು ಕೈಯಲ್ಲೂ ಹುಂಜವನ್ನು ಹಿಡಿದುಕೊಂಡು, ತಲೆ ಎತ್ತದೆ ಕೇಳಿದರು:

"ಮಾಸ್ತಪ್ಪಾ, ಇಷ್ಟು ವರ್ಷವೂ ಇದರ ಎದೆ ಹೀಂಗೇ ಹೊಡ್ಕೊಳ್ತಿತ್ತಾ?"

ಮಾಸ್ತಪ್ಪ ಮೆಲ್ಲಗೆ ಹೇಳಿದ:

"ವರ್ಷ ವರ್ಷವೂ ಬೇರೆ ಕೋಳಿ, ಅಯ್ಯಾ."