ಗಂಡಿನ ಕಡೆಗೆ ಮೊದಲ ಎಲೆ

ತಾಯಿ, ಮಗು ಇಬ್ಬರಲ್ಲಿ ಒಬ್ಬರೇ ಉಳಿಯುವಂಥ ಹೆರಿಗೆಯಾದರೆ, ಯಾರು ಉಳಿಯಬೇಕೆಂದು ಆಸ್ಪತ್ರೆಯ ಕೆಳಗಿನ ಕ್ಯಾಸಿನೊದಲ್ಲಿ ಮನೆಯವರೇ ಅಂದರ್-ಬಾಹರ್ ಆಡಿ ತೀರ್ಮಾನಿಸಬೇಕು. ನೀಲವ್ವ ಮಗಳ ಪರವಾಗಿ ಕೂತಳು. ಹುಟ್ಟಲಿರುವ ಮೊಮ್ಮಗುವಿನ ಪರವಾಗಿ ಎದುರಿಗೆ ಬೀಗಿತ್ತಿ ಚನ್ನಬಸವ್ವ ಕೂತಳು.

ಎಲೆ ಹಾಕುವವಳು ಇಸ್ಪೀಟ್ ಕಟ್ಟು ಕಲಸಿ, ನಡುವೆ ಒಂದು ಏಳನ್ನು ತೆರೆದಿಟ್ಟಳು. "ಇನ್ನೊಂದು ಏಳು ಮೊದಲ ಯಾರ ಕಡೆ ಬೀಳತೈತಿ, ಅವರು ಗೆದ್ದಂಗ್ರಿ. ಮೊದಲನೇ ಎಲಿ ಯಾರ ಕಡೆ ಹಾಕಲಿ?"

ನೀಲವ್ವನ ಬಾಯಿಗೆ ರೂಢಿಯ ಮಾತೇ ಬಂತು. ಮದುವೆಯ ಪಂಕ್ತಿಯಿಂದ ಸೀಮಂತದ ಊಟದವರೆಗೆ ಗಂಡಿನ ಕಡೆಯವರದೇ ಮೊದಲಲ್ಲವೇ?

"ಬೀಗರಿಗೇ ಹಾಕ್ರಿ."

ಗೋಡೆಯ ಫಲಕದಲ್ಲಿ ಮಗು ಉಳಿಯುವ ಸಾಧ್ಯತೆ ಶೇಕಡಾ ಐವತ್ತರಿಂದ ಐವತ್ತೊಂದೂವರೆಗೆ ಏರಿತು. ಮಗಳದು ಅಷ್ಟೇ ಇಳಿಯಿತು.

"ನನಗ ಬ್ಯಾಡವಾ," ಚನ್ನಬಸವ್ವ ಗಾಬರಿಯಾದಳು. "ನನ್ನ ಸೊಸಿ ಕಡೆನ ಹಾಕು."

"ಒಮ್ಮೆ ಹೇಳಿದ್ದು ಬದಲಾಗಂಗಿಲ್ರಿ."

ಎಲೆಗಳು ಅತ್ತ ಒಂದು, ಇತ್ತ ಒಂದು ಬೀಳತೊಡಗಿದವು. ಏಳು ಚನ್ನಬಸವ್ವನ ಮುಂದೆ ಬಿತ್ತು. ಅವಳು ಅದನ್ನು ನೀಲವ್ವನತ್ತ ತಳ್ಳಿದಳು. ಎಲೆ ಹಾಕುವವಳು ಮೆಲ್ಲಗೆ ಎತ್ತಿ ಮತ್ತೆ ಅಲ್ಲೇ ಇಟ್ಟಳು.

ಮೇಲಿನಿಂದ ಮಗುವಿನ ಅಳು ಕೇಳಿಸಿತು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಇನ್ನೊಂದು ದನಿ ಕೇಳಿಸೀತೇ ಎಂದು ಕಿವಿಗೊಟ್ಟು ಕೂತರು.