ಸರದಾರನ ಹುಕ್ಕಾ

ಜಾನ್ಸನ ಪತ್ರಿಕೆಯನ್ನು ನಡುವೆ ಹರಿದರು. ಸಾಲದೆನಿಸಿ ಮತ್ತೆ ಹರಿದರು.

“ಪೂರಾ ಓದಿ ಹರೀಬೇಕಿತ್ರಿ,” ಎಂದಳು ಹೆಂಡತಿ ರೂತಮ್ಮ, ಚಹಾ ಇಡುತ್ತ. “ನಿಮ್ಮ ಪುಸ್ತಕ ನಿಮಗಿಂತ ಚೊಲೊ ಓದಿದಂವ ಅಂದ್ರ ಈ ಕಿಲ್ಲೇದಾರ ಒಬ್ಬನೇ ನೋಡ್ರಿ.”

ಕಿಲ್ಲೇದಾರ ಎಂಬುದು ಬೀದರಿನ ಪತ್ರಿಕೆಯೊಂದರಲ್ಲಿ ಯಾರೋ ಇಟ್ಟುಕೊಂಡ ಗುಪ್ತನಾಮ. ಜಾನ್ಸನರ ಪುಸ್ತಕ ಬಿಡುಗಡೆಯಾದ ಮರುದಿನವೇ ಅವನ ಟೀಕೆ ಅಚ್ಚಾಗುತ್ತಿತ್ತು. ತಪ್ಪುಗಳನ್ನು ಪುಟಸಮೇತ ಎತ್ತಿ ತೋರಿಸುತ್ತಿದ್ದ. ಭಾಷೆಯನ್ನು ಮಾತ್ರ ಬಾಯಿತುಂಬ ಹೊಗಳುತ್ತಿದ್ದ.

ದೇಶದ ಚರಿತ್ರೆಯನ್ನು ಮನೆಮನೆಗೆ ಮುಟ್ಟಿಸಿದವರೆಂದು ಜಾನ್ಸನರ ಖ್ಯಾತಿ. ಸಾಯಗಾಂವಕ್ಕೊಬ್ಬ ವೀರ, ಎಕಂಬಾಕ್ಕೊಬ್ಬ ವೀರ. ವೀರ ಸಿಕ್ಕ ಊರು ಅವರಿಗೆ ಪೇಟಾ ಸುತ್ತಿ ಮೆರೆಸುತ್ತಿತ್ತು. ಸಿಗದ ಊರು ಮುನಿಸಿಕೊಳ್ಳುತ್ತಿತ್ತು. ಈ ಸಲ ಮೆಹಕರದ ಸರದಾರ. ಬಹಮನಿ ಕಾಲದವನು, ದೇಶಕ್ಕಾಗಿ ಪ್ರಾಣ ಕೊಡಲು ಹೊರಡುವ ಮುನ್ನ ಶಾಂತವಾಗಿ ಹುಕ್ಕಾ ಸೇದಿದವನು. ಪುಸ್ತಕ ಬಿಡುಗಡೆಯಾದ ಸಂಜೆಯೇ ಮೆಹಕರದ ಮೂರು ಮನೆಗಳಲ್ಲಿ ಅದೇ ಹುಕ್ಕಾ ಸಿಕ್ಕಿತು.

ಇವತ್ತು ಕಿಲ್ಲೇದಾರ ಕೇಳಿದ್ದ: ಬಹಮನಿ ಕಾಲಕ್ಕೆ ತಂಬಾಕು ಈ ನೆಲಕ್ಕೇ ಬಂದಿರಲಿಲ್ಲ. ಸರದಾರ ಸೇದಿದ್ದೇನು?

ಪಠ್ಯಪುಸ್ತಕ ಸಮಿತಿಯ ಅಧ್ಯಕ್ಷಸ್ಥಾನಕ್ಕೆ ಜಾನ್ಸನರ ಹೆಸರು ಹೋಗಿತ್ತು. “ಮೊದಲು ಈ ಟೀಕೆಗೆ ಉತ್ತರ ಬರಲಿ, ಆಮೇಲೆ ನೋಡೋಣ,” ಎಂದು ಬೆಳಿಗ್ಗೆ ಬೆಂಗಳೂರಿನಿಂದ ಫೋನು ಬಂದಿತ್ತು.

ಬಾಗಿಲಲ್ಲಿ ಜೇಬಾ ಚಪ್ಪಲಿ ಬಿಟ್ಟಳು. ಜಾನ್ಸನ ಹೇಳುವುದು, ಜೇಬಾ ಬರೆಯುವುದು: ಮೊದಲ ಪುಸ್ತಕದಿಂದಲೂ ಅದೇ ಪದ್ಧತಿ. ಮುಖಪುಟದ ಮೇಲೆ ಮಾತ್ರ ಒಬ್ಬರದೇ ಹೆಸರು.

“ನೋಡಿದೇನವಾ? ಕಾಲೇಜ ಬಿಟ್ಟ ಮ್ಯಾಲ ಆ ಕಲೀಮ ಮಾಸ್ತರಗ ಬ್ಯಾರೆ ಉದ್ಯೋಗ ಇಲ್ಲ. ಅಂವಂದೇ ಈ ಕೆಲಸ.”

“ಹುಕ್ಕಾ ಬ್ಯಾಡ್ರಿ ಸರ ಅಂತ ನಾ ಅವತ್ತೇ ಅಂದಿದ್ದೆ.”

“ಹುಕ್ಕಾ ಇಲ್ಲದಂವ ಎಂಥಾ ಸರದಾರ? ಮಂದಿಗಿ ಹುಕ್ಕಾ ಬೇಕವಾ!”

“ಹಂಗಾರ ಉತ್ತರ ನಾ ಬರೀತೇನ್ರಿ. ನಾಳಿ ಮುಂಜಾನಿ ಕೊಡ್ತೇನಿ.”

“ಅದಕ್ಕೂ ಅಂವಾ ತಿರುಗಿ ಬರದ್ರ?”

“ಬರೀತಾನ್ರಿ.” ಜೇಬಾ ಬಸಿಗೆ ಚಹಾ ಸುರಿದುಕೊಂಡಳು. “ಬರೀದೇ ಇರಂಗಿಲ್ಲ.”

ಜಾನ್ಸನರ ಎದೆ ಕರಗಿತು. ಕಿಲ್ಲೇದಾರ ಹೊಗಳುವ ಭಾಷೆ ಯಾರದೆಂದು ಅವರಿಗಲ್ಲದೆ ಇನ್ನಾರಿಗೆ ಗೊತ್ತು? ಈ ಹುಡುಗಿ ಕೈಬಿಟ್ಟರೆ ಸರದಾರನೂ ಇಲ್ಲ, ಅಧ್ಯಕ್ಷರೂ ಇಲ್ಲ. ಮುಂದಿನ ಪುಸ್ತಕದ ಮುಖಪುಟದ ಕರಡನ್ನು ಮೇಜಿನ ಮೇಲೆ ಹರವಿ, ತಮ್ಮ ಹೆಸರಿನ ಕೆಳಗೆ ಬೆರಳಿಟ್ಟರು.

“ಇನ್ನ ಮ್ಯಾಲ ಇಲ್ಲಿ ನಿನ್ನ ಹೆಸರು. ನನ್ನಷ್ಟೇ ದಪ್ಪ ಅಕ್ಷರದಾಗ.”

ಒಳಗೆ ಹೊರಟಿದ್ದ ರೂತಮ್ಮ ನಿಂತಳು. ಜೇಬಾ ಬಸಿ ಕೆಳಗಿಟ್ಟಳು.

“ಬ್ಯಾಡ್ರಿ ಸರ. ನನ್ನ ಪುಸ್ತಕಾನ ನಾನೇ ಪೇಪರದಾಗ ಬೈಕೋತ ಕುಂತ್ರ ಮಂದಿ ನಗ್ತಾರ್ರಿ.”