ಜರ್ಮನಿಗೊಂದು ಪ್ಲಾನು

ಇವನಿಗೆಲ್ಲಿಯ ಜರ್ಮನಿ ಎಂದುಕೊಂಡ ಪುಷ್ಪಲತಾ, ಎದುರು ನಿಂತವನನ್ನು ಇನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು.

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಎದುರಿರುವ ಅವಳ ಮೊಬೈಲ್ ಅಂಗಡಿಗೆ ಬರುವವರೆಲ್ಲ ಹತ್ತು ರೂಪಾಯಿ ಕರೆನ್ಸಿ ಹಾಕಿಸುವವರು. ಇವನದು ಕಾಲರು ಸವೆದ ಅಂಗಿ, ಬೆರಳ ಸಂದಿಗಳಲ್ಲಿ ತೊಳೆದರೂ ಹೋಗದ ಕೆಂಪು ಬಣ್ಣ, ಕಂಕುಳಲ್ಲೊಂದು ಕಂದು ಲಕೋಟೆ. ಬಂದವನೇ ಹೊರದೇಶದಲ್ಲಿ ನಡೆಯುವ ಪ್ಲಾನು ತೋರಿಸಿ ಎಂದಿದ್ದ. ಅದು ಎರಡು ಸಾವಿರದ ಎಂಟನೇ ಇಸವಿ. ಆ ಪ್ಲಾನುಗಳ ಕಾಗದ ಕಂಪನಿಯಿಂದ ಬಂದಾಗಿನಿಂದ ಡ್ರಾಯರಿನ ತಳದಲ್ಲೇ ಬಿದ್ದಿತ್ತು. ಕೇಳಿದವರಲ್ಲಿ ಇವನೇ ಮೊದಲಿಗ.

"ಯಾವೂರು ನಿಮ್ದು?"

"ಮೊಳಕಾಲ್ಮೂರು ಕಣಮ್ಮ. ತಿಪ್ಪಯ್ಯ ಅಂತ. ರೇಷ್ಮೆ ಸೀರೆ ನೇಯ್ತೀನಿ."

"ನೇಯೋರಿಗೆ ಜರ್ಮನೀಲೇನು ಕೆಲಸ?"

"ನಾನು ನೇಯ್ದಿರೋ ಸೀರೇನ ಅಲ್ಲಿ ಪ್ರದರ್ಶನಕ್ಕೆ ಆರಿಸವ್ರೆ. ನೇಯ್ದೋನು ಹನ್ನೊಂದು ದಿನ ಸೀರೆ ಪಕ್ಕ ನಿಂತ್ಕಂಡು, ಬಂದೋರು ಕೇಳಿದ್ದಕ್ಕೆಲ್ಲ ಉತ್ತರ ಹೇಳ್ಬೇಕಂತೆ. ಸೋಮವಾರಕ್ಕೆ ವಿಮಾನ."

ಯಾವನೋ ಏಜೆಂಟ ಈ ಬಡಪಾಯಿಗೆ ಟೋಪಿ ಹಾಕಿದ್ದಾನೆ ಎಂದೇ ಪುಷ್ಪಲತಾಳಿಗೆ ಅನ್ನಿಸಿತು.

"ಪಾಸ್‌ಪೋರ್ಟ್ ಐತಾ?"

"ಅದನ್ನೆಲ್ಲ ನಮ್ಮ ನೇಕಾರರ ಸೊಸೈಟಿ ಸೆಕ್ರೆಟರಿ ಮುರುಗೇಂದ್ರಪ್ಪನೋರೇ ಓಡಾಡಿ ಮಾಡಿಸವ್ರೆ." ತಿಪ್ಪಯ್ಯ ಲಕೋಟೆಯಿಂದ ಒಂದು ಕಾಗದ ಎಳೆದು ಮುಂದಿಟ್ಟ.

ಪ್ರದರ್ಶನದವರ ಆಹ್ವಾನ. ಮುದ್ರೆ, ತಾರೀಖು, ನಡುವೆ ಅಂಗೈಯಗಲ ಸೀರೆಯ ಚಿತ್ರ. ಅರಿಶಿನ ಬಣ್ಣದ ಒಡಲು, ಕೆಂಪು ಅಂಚು, ಅಂಚಿನುದ್ದಕ್ಕೂ ಸಾಲುಗಿಳಿ. ಪುಷ್ಪಲತಾಳಿಗೆ ನಾಚಿಕೆಯಾಯಿತು. ಅಂಗಿ ನೋಡಿ ಮನುಷ್ಯನನ್ನು ಅಳೆದಿದ್ದಳು. ಸ್ಟೂಲು ಎಳೆದು ಕೂರಿಸಿದಳು, ಚಾ ಹೇಳಿದಳು. ಸಾಲದೆಂದು ಪಕ್ಕದ ವಾಚ್ ರಿಪೇರಿ ಕಲ್ಲೇಶಪ್ಪನನ್ನು ಕೂಗಿ ಕರೆದಳು.

"ನೋಡ್ರಿ, ನಮ್ ಕಡೆ ನೇಕಾರರು ಜರ್ಮನಿಗೆ ಹೊಂಟವ್ರೆ!"

"ಅದು ಹಂಗಲ್ಲ..." ಎಂದು ತಿಪ್ಪಯ್ಯ ಬಾಯಿ ತೆರೆಯುವಷ್ಟರಲ್ಲಿ ಕಲ್ಲೇಶಪ್ಪ ಅವನ ಎರಡೂ ಕೈ ಹಿಡಿದು ಕುಲುಕಿದ.

"ದೊಡ್ಡೋರು ಹಂಗೇ ಅನ್ನೋದು. ಹೋಗಿ ಬರ್ರಿ, ಊರಿನ ಹೆಸರು ಉಳಿಸ್ರಿ."

ತಿಪ್ಪಯ್ಯ ತಲೆ ತಗ್ಗಿಸಿದ. ಎಷ್ಟು ಸಂಕೋಚದ ಮನುಷ್ಯ ಎಂದು ಪುಷ್ಪಲತಾ ಮೆಚ್ಚಿಕೊಂಡಳು. ಕಲ್ಲೇಶಪ್ಪ ತನ್ನ ಅಂಗಡಿಗೆ ಮರಳಿದ ಮೇಲೆ ಪ್ಲಾನುಗಳ ಕಾಗದ ಬಿಡಿಸಿದಳು.

"ಎರಡು ತರ ಐತೆ. ಒಂದು ಬರೀ ಮಾತಿಗೆ. ಇನ್ನೊಂದರಲ್ಲಿ ಡೇಟಾನೂ ಸೇರ್ತದೆ, ಫೋಟೊ ಕಳಿಸಬಹುದು. ಅದು ಸಿಕ್ಕಾಪಟ್ಟೆ ರೇಟು, ಬ್ಯಾಡ. ಮಾತಿಂದೇ ತಗಳ್ರಿ."

"ಮಾತು ಸಾಲಲ್ಲಮ್ಮ. ಅಲ್ಲಿ ಯಾರೋ ಅಂಚು ಮುಟ್ಟಿ, ಈ ಎಳೆ ಹೆಂಗೆ ತಿರುಗಿಸಿದ್ದು ಅಂತ ಕೇಳ್ತಾರೆ ಅಂತ ಇಟ್ಕಳ್ಳಿ. ಅದರ ಫೋಟೊ ತೆಗೆದು ಕಳಿಸಿದ್ರೆ ಇಲ್ಲಿ ತಕ್ಷಣ ಕಾಣ್ತದಾ?"

ಪುಷ್ಪಲತಾ ನಕ್ಕಳು. "ನೀವೇ ನೇಯ್ದಿದ್ದು ಕಣ್ರಿ. ಊರಿಗೆ ಫೋಟೊ ಕಳಿಸಿ ಕೇಳ್ಬೇಕಾ?"

ತಿಪ್ಪಯ್ಯ ನಗಲಿಲ್ಲ. "ಕಾಣ್ತದಾ ಹೇಳಮ್ಮ."

"ಇಲ್ಲಿರೋ ಫೋನು ಕಲರ್ ಆಗಿದ್ರೆ ಕಾಣ್ತದೆ."

ಅವನು ಜೇಬಿನಿಂದ ಹೊಸ ಫೋನು ತೆಗೆದು ತೋರಿಸಿದ. ಮಗ್ಗದ ಪಕ್ಕದಲ್ಲೇ ಇಡುವುದಕ್ಕೆ ಸೊಸೈಟಿಯವರು ಕೊಡಿಸಿದ್ದಂತೆ. ಅಲ್ಲಿಗೊಂದು, ಇಲ್ಲಿಗೊಂದು. ಇಲ್ಲಿಯದು ಹೆಂಡತಿಗೆ ಎಂದು ಪುಷ್ಪಲತಾ ತಿಳಿದಳು. ಮಗ್ಗದಲ್ಲಿ ಎದುರು ಕೂತು ಎಳೆ ಎತ್ತಿಕೊಟ್ಟವಳು ಹೆಂಡತಿ ಕಾಟಮ್ಮನೇ ಎಂದು ಅವನು ಚಾ ಕುಡಿಯುತ್ತ ಹೇಳಿದ್ದ. ಗಂಡ ಮರೆತರೆ ಹೆಂಡತಿ ನೆನಪಿಸುತ್ತಾಳೆ, ಎಂಥ ಜೋಡಿ! ಅವಳಿಗೆ ಒಂದು ಕ್ಷಣ ಹೊಟ್ಟೆಕಿಚ್ಚೂ ಆಯಿತು.

"ಅಲ್ಲಿ ಬಾಗಿಲು ತೆಗೆಯೋ ಹೊತ್ತಿಗೆ ನಮ್ಮಲ್ಲಿ ಎಷ್ಟು ಗಂಟೆ?"

"ಮಧ್ಯಾಹ್ನ ಊಟದ ಹೊತ್ತು."

"ಸರಿ, ಹನ್ನೊಂದು ದಿನ ಊಟ ಬೇಗ ಮುಗಿಸಿದ್ರಾಯ್ತು."

"ಮೊದಲನೇ ಸಲ ಅಷ್ಟು ದೂರ. ಹೆದರಿಕೆ ಆಗಲ್ವಾ?"

ತಿಪ್ಪಯ್ಯ ಚಾ ಲೋಟ ಕೆಳಗಿಟ್ಟ. "ಒಂದೇ ಹೆದರಿಕೆ ತಾಯಿ. ಆ ಸೀರೆಗೆ ಮೂರು ಲಾಳಿ ಆಡಬೇಕು. ಎರಡು ಅಂಚಿಗೆ ಎರಡು, ಒಡಲಿಗೊಂದು. ಅಂಚೂ ಒಡಲೂ ಕೂಡೋ ಕಡೆ ಒಂದೆಳೆ ತಪ್ಪಿದ್ರೂ ಗಿಳಿ ಕುತ್ತಿಗೆ ಸೊಟ್ಟ ಆಗ್ತದೆ. ನಮ್ಮಪ್ಪ ಹೊಡೆದು ಕಲಿಸಿದ್ದು. ಅಷ್ಟು ಜನದ ಮುಂದೆ ಅದನ್ನ ಮಿಷನ್ದು ಅಂತಲೋ, ಒಂದೇ ಲಾಳಿ ಅಂತಲೋ ತಪ್ಪು ಹೇಳಿಬಿಟ್ರೆ? ಆಮೇಲೆ ಸೀರೆಗೆ ಯಾವ ಮರ್ಯಾದೆ?"

"ನೀವಿದ್ದೀರಲ್ಲ, ಯಾಕೆ ತಪ್ಪಾಗ್ತದೆ?"

"ಅದಕ್ಕೇ ನಾನೇ ಬಂದೆ ಪ್ಲಾನು ಆರಿಸೋಕೆ. ಬ್ಯಾರೆಯೋರು ಬಂದಿದ್ರೆ ಸೋವಿದು ತಗಂಡು ಹೋಗೋರು. ಡೇಟಾ ಇರೋದೇ ಕೊಡಿ."

ಇಷ್ಟು ವರ್ಷ ಅಂಗಡಿ ನಡೆಸಿದ್ದಕ್ಕೆ ಇವತ್ತೊಂದು ಅರ್ಥ ಬಂತು ಎಂದು ಪುಷ್ಪಲತಾಳಿಗೆ ಅನ್ನಿಸಿತು. ಅವಳು ಅರ್ಜಿ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಳು. ಪ್ರಯಾಣ ಮಾಡುವವರ ಹೆಸರು ಎಂಬಲ್ಲಿ ಚೆಂದದ ಅಕ್ಷರದಲ್ಲಿ 'ತಿ' ಎಂದು ಬರೆಯುವಷ್ಟರಲ್ಲಿ ಅವನ ಕೆಂಪು ಬೆರಳು ಕಾಗದದ ಮೇಲೆ ಅಡ್ಡ ಬಂತು.

"ನನ್ನ ಹೆಸರಲ್ಲಮ್ಮ, ಮುರುಗೇಂದ್ರಪ್ಪನೋರ ಹೆಸರು ಬರೀರಿ. ಸೀರೆ ನೇಯ್ದೋನು ಅಂತ ಹೋಗ್ತಿರೋದು ಅವರು. ಅವರು ಫೋಟೊ ಕಳಿಸಿ ಕೇಳಿದಾಗ ಇಲ್ಲಿಂದ ಹೇಳಿಕೊಡೋನಷ್ಟೇ ನಾನು."